ಅಪ್ಪಾರ ಕಣ್ಣಾಗ ಸೂಜಿ ಮಾಡಸಬೇಕೋ ಬ್ಯಾಡೋ? ರೆಟಿನಾ ಡಾಕ್ಟರಿಗೆ ಕೇಳಿದ್ದು

ಪ್ರಶ್ನೆ (ಗುಳೇದಗುಡ್ಡದಿಂದ):
ನಮಸ್ಕಾರ್ರೀ ಮೇಡಂ. ನಮ್ಮಪ್ಪಾರಿಗೆ 72 ವರ್ಷ. ನಲವತ್ತೈದು ವರ್ಷ ಮಗ್ಗದ ಮುಂದ ಕುಂತು ಖಣ ನೇಯ್ದವರು. ಎರಡು ವರ್ಷದ ಹಿಂದ ಬಲಗಣ್ಣು ಮಂಜಾತು ಅಂದ್ರು. ಮೋತಿಬಿಂದು ಇರಬೇಕು, ಬ್ಯಾಸಿಗಿ ಮುಗದ ಮ್ಯಾಲ ಆಪರೇಷನ್ ಮಾಡಿಸಿದ್ರಾತು ಅಂತ ನಾವೂ ಬಿಟ್ವಿ. ಅದು ಮೋತಿಬಿಂದು ಆಗಿರಲಿಲ್ಲ. ಈಗ ಆ ಕಣ್ಣಿನ ನಡುವ ಕರೀ ಕಲೆ, ಎದುರಿಗೆ ನಿಂತವರ ಮುಖ ಕಾಣಂಗಿಲ್ಲ. ಹೋದ ವಾರ ಮಗ್ಗದ ಹತ್ರ ಬಂದು "ಎಳಿ ಯಾಕ ಹಿಂಗ ಡೊಂಕ ಹಾಕೀರಿ" ಅಂತ ನನಗ ಬೈದ್ರು. ಎಳಿ ನೆಟ್ಟಗಽ ಇದ್ವು. ಬಾಗಲಕೋಟಿಗೆ ಕರಕೊಂಡು ಹೋಗಿ ಓಸಿಟಿ (ಕಣ್ಣಿನ ಪರದೆ ಅಂದ್ರ ರೆಟಿನಾದ ಸ್ಕ್ಯಾನ್) ಮಾಡಿಸಿದ್ವಿ. ಎಡಗಣ್ಣಾಗ ಪರದೆ ಕೆಳಗ ನೀರು ಸೇರೈತಿ, ತಿಂಗಳಿಗೊಂದರಂಗ ಮೂರು ಸೂಜಿ ಕಣ್ಣಾಗಽ ಮಾಡಬೇಕು ಅಂದಾರ. ಬಲಗಣ್ಣಿಗೆ ಏನೂ ಉಪಯೋಗಿಲ್ಲ ಅಂತ. ಅಪ್ಪಾರು ಸೂಜಿ ಅಂದಕೂಡ್ಲೆ ಎದ್ದು ಬಂದುಬಿಟ್ರು. ಮನ್ಯಾಗ ತಂಗಿ ಮದುವಿ ಐತಿ, ಇನ್ನ ಎರಡು ತಿಂಗಳು ತಡದು ನೋಡೂಣು ಅಂತಾರ ಎಲ್ಲಾರೂ. ಹೋದ ವರ್ಷ ಹೃದಯಕ್ಕ ಸ್ಟೆಂಟ್ ಹಾಕಿಸೀವಿ. ಏನ ಮಾಡ್ಲಿರಿ?

ಉತ್ತರ (ರೆಟಿನಾ ಡಾಕ್ಟರ್):
ಮದುವೆ ಮುಗಿಯುವವರೆಗೆ ಕಾಯಬೇಡಿ. ಇದನ್ನು ಮೊದಲು ಹೇಳಿ ಉಳಿದದ್ದಕ್ಕೆ ಬರುತ್ತೇನೆ.

ನಿಮ್ಮ ತಂದೆ ಎಳೆ ಡೊಂಕು ಎಂದರಲ್ಲ, ಈ ಕಾಯಿಲೆಯನ್ನು ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳುವುದಿಲ್ಲ. ಕಣ್ಣಿನ ಪರದೆಯ ನಟ್ಟನಡುವೆ ಮ್ಯಾಕ್ಯುಲಾ ಎಂಬ ಸಣ್ಣ ಜಾಗವಿದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಅದರ ಕೆಲಸ. ವಯಸ್ಸಿನ ಜೊತೆ ಅದು ಸವೆಯುವ ಕಾಯಿಲೆಯೇ ಎಎಂಡಿ. ಒಣ ಬಗೆಯದು ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತದೆ. ನಿಮ್ಮ ತಂದೆಯದು ಒದ್ದೆ ಬಗೆ. ಅದರಲ್ಲಿ ಪರದೆಯ ಅಡಿಯಲ್ಲಿ ಹೊಸ ರಕ್ತನಾಳ ಮೊಳೆತು ಸೋರುತ್ತವೆ. ತೇವ ಹಿಡಿದ ಗೋಡೆಯ ಗಾರೆ ಉಬ್ಬುತ್ತದಲ್ಲ, ಹಾಗೆ ಪರದೆ ಉಬ್ಬುತ್ತದೆ. ಉಬ್ಬಿದ ಪರದೆಯ ಮೇಲೆ ನೆಟ್ಟಗಿನ ಗೆರೆಯೂ ಡೊಂಕು. ಬಿಟ್ಟರೆ ಅಲ್ಲೇ ರಕ್ತ ಸೋರಿ ಗಾಯದ ಕಲೆ ನಿಲ್ಲುತ್ತದೆ. ಬಲಗಣ್ಣಿಗೆ ಆದದ್ದು ಬಹುಶಃ ಇದೇ. ಆ ಕಲೆಯನ್ನು ಯಾವ ಔಷಧವೂ ತೆಗೆಯುವುದಿಲ್ಲ, ಆದ್ದರಿಂದ ಅದಕ್ಕೆ ದುಡ್ಡು ಹಾಕಬೇಡಿ ಎಂದ ಡಾಕ್ಟರು ನಿಮಗೆ ನಿಜ ಹೇಳಿದ್ದಾರೆ.

ಈ ರಕ್ತನಾಳಗಳನ್ನು ಬೆಳೆಸುವುದು ವಿಇಜಿಎಫ್ ಎಂಬ ವಸ್ತು. ಸೂಜಿಯ ಔಷಧ ಅದನ್ನು ತಡೆಯುತ್ತದೆ. 2006ರಲ್ಲಿ ಹೊರಬಂದ ದೊಡ್ಡ ಅಧ್ಯಯನವೊಂದರಲ್ಲಿ ಔಷಧ ಸಿಗದ ಗುಂಪಿನವರು ಎರಡು ವರ್ಷದಲ್ಲಿ ಓದುವ ಪಟ್ಟಿಯ ಸರಾಸರಿ 15 ಅಕ್ಷರ ಕಳೆದುಕೊಂಡರು, ಅಂದರೆ ಮೂರು ಸಾಲು. ತಿಂಗಳಿಗೊಮ್ಮೆ ರಾನಿಬಿಜುಮ್ಯಾಬ್ ಎಂಬ ಈ ಬಗೆಯ ಔಷಧ ಪಡೆದವರು ಸರಾಸರಿ ಸುಮಾರು 7 ಅಕ್ಷರ ಗಳಿಸಿದರು. ನೂರಕ್ಕೆ ಸುಮಾರು ತೊಂಬತ್ತು ಜನರಿಗೆ ಇದ್ದ ದೃಷ್ಟಿ ಹೆಚ್ಚುಕಡಿಮೆ ಉಳಿಯಿತು. ಚೆನ್ನಾಗಿ ಸುಧಾರಿಸಿದವರು ಮೂವರಲ್ಲಿ ಒಬ್ಬರು. ಆಸೆ ಇಷ್ಟಕ್ಕೇ ಇರಲಿ: ಇಂದು ಎಷ್ಟು ಕಾಣುತ್ತದೋ ಅದನ್ನು ಹಿಡಿದಿಡಲು ಈ ಸೂಜಿ. ಮತ್ತೆ ಖಣ ನೇಯುತ್ತಾರೆ ಎಂದು ನಾನಂತೂ ಮಾತು ಕೊಡಲಾರೆ. ಎರಡು ತಿಂಗಳು ಕಾದರೆ ಹಿಡಿದಿಡುವುದಕ್ಕೆ ಉಳಿಯುವುದೇ ಕಡಿಮೆ, ಅದೂ ಉಳಿದಿರುವ ಒಂದೇ ಕಣ್ಣಿನಲ್ಲಿ.

ಇನ್ನು ಅಪಾಯ. ನಿಜವಾಗಿ ಹೆದರಬೇಕಾದದ್ದು ಕಣ್ಣಿನೊಳಗೆ ಸೋಂಕು. ಎರಡು–ಮೂರು ಸಾವಿರ ಸೂಜಿಗೆ ಒಂದರಂತೆ ಆಗುತ್ತದೆ. ಸಣ್ಣ ಸಂಖ್ಯೆ ಅನ್ನಿಸಬಹುದು, ಆದರೆ ಒಬ್ಬರಿಗೇ ವರ್ಷಗಳಲ್ಲಿ ಹದಿನೈದು ಸೂಜಿ ಆದರೆ ಲೆಕ್ಕ 130–200ಕ್ಕೆ ಒಂದರ ಹತ್ತಿರ ಬರುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೂ ಒಂದು ಕಡೆ ಇದನ್ನಿಟ್ಟು, ಇನ್ನೊಂದು ಕಡೆ ಸುಮ್ಮನೆ ಬಿಟ್ಟರೆ ಹೆಚ್ಚುಕಡಿಮೆ ಖಚಿತವಾಗಿ ಆಗುವ ನಷ್ಟವನ್ನಿಟ್ಟು ತೂಗಿದರೆ, ನನ್ನ ತಂದೆಯಾಗಿದ್ದರೂ ಸೂಜಿ ಮಾಡಿಸುತ್ತಿದ್ದೆ. ಪರದೆ ಹರಿಯುವುದು, ಮಸೂರಕ್ಕೆ ಪೆಟ್ಟಾಗುವುದು ಬಹಳ ಅಪರೂಪ. ಸ್ಟೆಂಟ್ ಹಾಕಿ ವರ್ಷವಾಗಿದೆ ಎಂದಿರಿ. ಇತ್ತೀಚಿನ ಎರಡು–ಮೂರು ತಿಂಗಳಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದರೆ ನಾವು ಹೆಚ್ಚು ಯೋಚಿಸುತ್ತೇವೆ. ಹೃದಯದ ಡಾಕ್ಟರಿಗೆ ಒಂದು ಮಾತು ತಿಳಿಸಿ, ಸ್ಟೆಂಟ್ ವಿಷಯ ಕಣ್ಣಿನ ಡಾಕ್ಟರಿಗೂ ತಪ್ಪದೆ ಹೇಳಿ.

ತಂದೆಯವರಿಗೆ ಹೀಗೆ ಹೇಳಿ ನೋಡಿ: ಮೊದಲು ಹನಿ ಹಾಕಿ ಕಣ್ಣು ಜೋಮು ಹಿಡಿಸುತ್ತಾರೆ. ಸೂಜಿ ಕೂದಲೆಳೆಯಷ್ಟು ಸಣ್ಣದು, ಕಪ್ಪುಗುಡ್ಡೆಗೆ ಚುಚ್ಚುವುದಿಲ್ಲ, ಪಕ್ಕದ ಬಿಳಿ ಭಾಗಕ್ಕೆ. ಹತ್ತು ಸೆಕೆಂಡಿನ ಕೆಲಸ. ರಾತ್ರಿ ಕಣ್ಣು ಚುರುಗುಟ್ಟಿದರೆ ಬಹುಪಾಲು ಸೋಂಕು ತಡೆಯಲು ಹಾಕಿದ ಅಯೋಡಿನ್ ಕಾರಣ. ಎದ್ದು ಹೋದವರು ಎಷ್ಟೋ ಜನ ಒಂದು ಸೂಜಿಯಾದ ಮೇಲೆ "ಇಷ್ಟಽ ಏನು" ಎಂದು ನನ್ನನ್ನೇ ಬೈದಿದ್ದಾರೆ.

ಪ್ರಶ್ನೆ (ಗುಳೇದಗುಡ್ಡದಿಂದ, ಮತ್ತೆ):
ಅಪ್ಪಾರನ್ನ ಒಪ್ಪಿಸೀನ್ರೀ. ಈಗ ಔಷಧ ಯಾವುದು ಅಂತ ಚೀಟಿ ಕೊಟ್ಟಾರ. ಒಂದು ಕೆಲವು ಸಾವಿರದಾಗ ಮುಗೀತೈತಿ, ಇನ್ನೊಂದು ಅದಕ್ಕ ಎಷ್ಟೋ ಪಟ್ಟು. ತುಟ್ಟಿದ್ದು ತಗೊಂಡ್ರ ಛಲೋ ಕಾಣ್ತಾವೇನ್ರೀ? ಲೇಸರ್ ಮಾಡ್ಸಿದ್ರ ಒಂದಽ ಸಲಕ್ಕ ಮುಗೀತೈತಿ ಅಂತ ಒಬ್ರು ಹೇಳಿದ್ರು.

ಉತ್ತರ:
ಲೇಸರ್ ಮಾತು ಹಳೆಯದು. ಅದು ರಕ್ತನಾಳದ ಜೊತೆ ಪರದೆಯನ್ನೂ ಸುಡುತ್ತದೆ, ನಟ್ಟನಡುವೆ ಆದರೆ ಸುಟ್ಟ ಜಾಗವೇ ಕುರುಡು. ಬಣ್ಣದ ಔಷಧವನ್ನು ಕೈಗೆ ಚುಚ್ಚಿ ಮಾಡುವ ತಣ್ಣನೆ ಲೇಸರ್ ಬೇರೆ. ರಕ್ತನಾಳದ ತುದಿಯಲ್ಲಿ ಗುಳ್ಳೆ ಕಟ್ಟುವ ಬಗೆ ನಮ್ಮ ಏಷ್ಯಾದವರಲ್ಲಿ ಜಾಸ್ತಿ, ಅದಕ್ಕೆ ಕೆಲವೊಮ್ಮೆ ಸೂಜಿಯ ಜೊತೆ ಇದನ್ನೂ ಮಾಡುತ್ತೇವೆ. ನಿಮ್ಮ ಡಾಕ್ಟರು ಆ ಬಗೆಯ ಮಾತು ಎತ್ತದಿದ್ದರೆ ಬಿಡಿ.

ಔಷಧದ ವಿಷಯ. ಅಗ್ಗದ್ದು ಬೆವಾಸಿಜುಮ್ಯಾಬ್, ಕ್ಯಾನ್ಸರಿಗೆಂದು ಬಂದದ್ದು. 2011ರಲ್ಲಿ ಅಮೆರಿಕದ ಕ್ಯಾಟ್ ಎಂಬ ಅಧ್ಯಯನ ಇದನ್ನು ತುಟ್ಟಿಯ ರಾನಿಬಿಜುಮ್ಯಾಬ್ ಎದುರು ನಿಲ್ಲಿಸಿ ನೋಡಿತು. ವರ್ಷದ ಕೊನೆಗೆ ದೃಷ್ಟಿ ಎರಡರಲ್ಲೂ ಸಮವಾಗಿತ್ತು. ಅಂದರೆ ಅಗ್ಗದ್ದಕ್ಕೆ ಕೈ ಚಾಚಲು ನಾಚಿಕೆ ಬೇಡ. ಎಚ್ಚರ ಬೇಕಾದದ್ದು ಇನ್ನೊಂದಕ್ಕೆ: ಬೆವಾಸಿಜುಮ್ಯಾಬ್‌ನ ಬಾಟಲಿ ದೊಡ್ಡದು, ಹಲವರಿಗೆ ಹಂಚಬೇಕು. ಹಂಚುವಾಗ ಸ್ವಚ್ಛತೆ ತಪ್ಪಿದರೆ ಒಂದೇ ದಿನ ಹಲವರ ಕಣ್ಣಿಗೆ ಸೋಂಕು. ಹಾಗಾಗಿ "ನೀವು ಎಲ್ಲಿ, ಹೇಗೆ ತುಂಬುತ್ತೀರಿ" ಎಂದು ಕೇಳುವುದು ರೋಗಿಯ ಹಕ್ಕು. ಉತ್ತರ ಕೊಡುವ ಡಾಕ್ಟರ್ ಬೇಸರಪಡುವುದಿಲ್ಲ. ನಡುವಿನ ದಾರಿಯೂ ಇದೆ. 2015ರಿಂದ ನಮ್ಮ ದೇಶದಲ್ಲೇ ತಯಾರಾದ ರಾನಿಬಿಜುಮ್ಯಾಬ್ ಸಿಗುತ್ತದೆ, ಮೂಲ ಬ್ರ್ಯಾಂಡಿಗಿಂತ ಅಗ್ಗ.

ತುಟ್ಟಿಯ ಅಫ್ಲಿಬರ್ಸೆಪ್ಟ್, ಫಾರಿಸಿಮ್ಯಾಬ್‌ನಲ್ಲಿ ಲಾಭವಿರುವುದು ಹೆಚ್ಚಾಗಿ ಅಂತರದಲ್ಲಿ: ಹಲವರಿಗೆ ಎರಡು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ತಡೆಯುತ್ತದೆ. ಬ್ರೊಲುಸಿಜುಮ್ಯಾಬ್ ಕೂಡ ಹಾಗೆ, ಆದರೆ ಅದರಿಂದ ಕೆಲವರ ಪರದೆಯ ರಕ್ತನಾಳ ಉರಿಯೂತದಿಂದ ಕಟ್ಟಿಕೊಂಡದ್ದು ದಾಖಲಾಗಿದೆ. ಇರುವುದೊಂದೇ ಕಣ್ಣು ಎಂದರೆ ನಾನು ಅದರ ತಂಟೆಗೆ ಹೋಗುವುದಿಲ್ಲ.

ಹಾಗಾದರೆ ಯಾವುದು? ನೀವು ವರ್ಷವಿಡೀ ಬಿಡದೆ ಮಾಡಿಸಲು ಆಗುವುದು. ನಾನು ಹೆಚ್ಚು ಕಂಡ ದುಃಖ ಇದೇ: ಸಾಲ ಮಾಡಿ ಎರಡು ತುಟ್ಟಿ ಸೂಜಿ ಹಾಕಿಸುತ್ತಾರೆ, ಮೂರನೆಯದಕ್ಕೆ ಬರುವುದೇ ಇಲ್ಲ, ಆರು ತಿಂಗಳಾದ ಮೇಲೆ ಕಲೆ ಕಟ್ಟಿದ ಕಣ್ಣು ಹಿಡಿದು ಬರುತ್ತಾರೆ. ಮೂರು ಸೂಜಿಗೆ ಮುಗಿಯುವ ಕಾಯಿಲೆಯಲ್ಲ ಇದು. ಮೂರಾದ ಮೇಲೆ ಓಸಿಟಿ ನೋಡಿ, ಒಣಗಿದ್ದರೆ ನಾಲ್ಕು ವಾರವನ್ನು ಆರು, ಆರನ್ನು ಎಂಟು ಎಂದು ಚಾಚುತ್ತ ಹೋಗುತ್ತೇವೆ. ನೀರು ಮರಳಿದರೆ ಮತ್ತೆ ಹತ್ತಿರ ತರುತ್ತೇವೆ. ಬಸ್ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ, ಎಲ್ಲ ಸೇರಿಸಿ ಲೆಕ್ಕ ಹಾಕಿ.

ಪ್ರಶ್ನೆ (ವಿಜಯಪುರದಿಂದ):
ನಮ್ಮ ಅವ್ವಗ ಒಣ ಬಗೆ ಅಂದಾರ್ರೀ, ಎರಡೂ ಕಣ್ಣಾಗ. ಸೂಜಿ ಬ್ಯಾಡ, ಗುಳಿಗಿ ಸಾಕು ಅಂದ್ರು. ಆ ಗುಳಿಗಿ ನಾನೂ ತಗೊಂಡ್ರ ಮುಂದ ಬರೂದು ತಪ್ಪತದೇನ್ರಿ? ನಾ ಸಿಗರೇಟ್ ಸೇದತೀನಿ, ಸುಳ್ಳ ಯಾಕ ಹೇಳ್ಲಿ.

ಉತ್ತರ:
ನಿಮಗೆ ಗುಳಿಗೆ ಬೇಡ, ಸಿಗರೇಟ್ ಬಿಡುವುದು ಬೇಕು. ಅವ್ವನಿಗೆ ಕಾಯಿಲೆ ಇದ್ದು ನೀವು ಸೇದುತ್ತಿದ್ದೀರಿ ಎಂದರೆ ಎರಡು ಅಪಾಯ ಒಟ್ಟಿಗೆ.

ಅವ್ವನ ಗುಳಿಗೆಗೆ ಆಧಾರ ಅಮೆರಿಕದ ಎರಡು ಅಧ್ಯಯನಗಳು, 2001 ಮತ್ತು 2013ರವು. ಈಗಿನ ಸೂತ್ರದಲ್ಲಿ ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್, ಸತು 80, ತಾಮ್ರ 2, ಲ್ಯೂಟಿನ್ 10, ಜಿಯಾಜ್ಯಾಂಥಿನ್ 2 ಮಿಲಿಗ್ರಾಂ. ಮಧ್ಯಮ ಹಂತದವರಿಗೆ ಇದು ಐದು ವರ್ಷದಲ್ಲಿ ಮುಂದಿನ ಹಂತಕ್ಕೆ ಹೋಗುವ ಅಪಾಯವನ್ನು ಕಾಲುಭಾಗದಷ್ಟು ತಗ್ಗಿಸುತ್ತದೆ. ಶುರುವಿನ ಹಂತಕ್ಕೂ, ಕಾಯಿಲೆ ಇಲ್ಲದವರಿಗೂ ಪ್ರಯೋಜನ ಕಂಡಿಲ್ಲ. ಆದ್ದರಿಂದ ಅವ್ವನದು ಯಾವ ಹಂತ ಎಂದು ಕೇಳಿ. ಅಂಗಡಿಯಲ್ಲಿ "ಕಣ್ಣಿನ ವಿಟಮಿನ್" ಎಂದು ಕೊಡುವುದರ ಹಿಂದೆ ಬೀಟಾ ಕ್ಯಾರೊಟಿನ್ ಎಂದಿದ್ದರೆ, ಸೇದುವವರು ಮತ್ತು ಸೇದಿ ಬಿಟ್ಟವರು ಮುಟ್ಟಬಾರದು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದು ಕಂಡಿದೆ. ಊಟದಲ್ಲಿ ಮೆಂತ್ಯಪಲ್ಯ, ರಾಜಗಿರಿ, ಗೋವಿನಜೋಳ, ತಿನ್ನುವವರಾದರೆ ತತ್ತಿಯ ಹಳದಿ. ಗಜ್ಜರಿ ತಿಂದರೆ ಕಣ್ಣಿನದೆಲ್ಲ ಸರಿಹೋಗುತ್ತದೆ ಎಂಬುದನ್ನು ಮರೆತುಬಿಡಿ.

ಒಣ ಬಗೆ ತೀರಾ ಮುಂದುವರಿದವರಿಗೆ 2023ರಲ್ಲಿ ಅಮೆರಿಕದಲ್ಲಿ ಎರಡು ಸೂಜಿಗಳಿಗೆ ಅನುಮತಿ ಸಿಕ್ಕಿತು. ಅವು ಸವೆತದ ವೇಗ ತಗ್ಗಿಸುತ್ತವೆ ಅಷ್ಟೆ, ಹೋದ ದೃಷ್ಟಿ ತರುವುದಿಲ್ಲ, ಮೇಲಾಗಿ ಒದ್ದೆ ಬಗೆ ಶುರುವಾಗುವ ಅಪಾಯ ಹೆಚ್ಚಿಸುತ್ತವೆ. ಅವುಗಳ ಹಿಂದೆ ಓಡುವ ಆತುರ ನಿಮಗೆ ಬೇಡ.

ಎರಡೂ ಕಣ್ಣು ಪೂರ್ತಿ ಕತ್ತಲಾಗುತ್ತವೆ ಎಂದು ಅವ್ವ ಹೆದರಿದ್ದರೆ ಹೇಳಿ: ಗೋಳಗುಮ್ಮಟದ ಮುಂದೆ ನಿಂತರೆ ಕಾಯಿಲೆ ಬಲಿತವರಿಗೂ ನಾಲ್ಕು ಮೂಲೆಯ ಮಿನಾರು ಕಾಣುತ್ತವೆ, ನಡುವಿನ ಗುಮ್ಮಟವೇ ಮಂಜು. ಓಡಾಟಕ್ಕೆ ಬೇಕಾದ ಸುತ್ತಲಿನ ನೋಟ ಉಳಿಯುತ್ತದೆ.

ಪ್ರಶ್ನೆ (ಬೆಳಗಾವಿಯಿಂದ):
ಹೊಟ್ಟಿ ಕೊಬ್ಬಿನಿಂದ ಸ್ಟೆಮ್ ಸೆಲ್ (ಬ್ಯಾರೆ ಕೋಶ ಆಗಬಲ್ಲ ಮೂಲ ಕೋಶ) ತಗದು ಕಣ್ಣಿಗೆ ಹಾಕತಾರ, ಗ್ಯಾರಂಟಿ ಅಂತ ಒಂದು ಜಾಹೀರಾತು ಬಂದಿತ್ತು. ಮಾವಾರು ಹೊಂಟು ನಿಂತಾರ್ರೀ.

ಉತ್ತರ:
ಹೋಗಗೊಡಬೇಡಿ. ಅಮೆರಿಕದ ಫ್ಲಾರಿಡಾದ ಒಂದು ಕ್ಲಿನಿಕ್ಕಿನಲ್ಲಿ ಇದೇ ಥರ ಮಾಡಿಸಿಕೊಂಡ ಮೂವರು ಹೆಂಗಸರ ಕಣ್ಣು ಹೋದದ್ದು 2017ರಲ್ಲಿ ವೈದ್ಯ ಪತ್ರಿಕೆಯಲ್ಲಿ ವರದಿಯಾಗಿದೆ. ಎರಡೂ ಕಣ್ಣಿಗೆ ಒಂದೇ ದಿನ ಹಾಕಿದ್ದರು. ದುಡ್ಡನ್ನೂ ಅವರಿಂದಲೇ ತೆಗೆದುಕೊಂಡಿದ್ದರು. ಸಂಶೋಧನೆ ನಡೆಯುತ್ತಿದೆ ನಿಜ, ಆದರೆ ನಿಜವಾದ ಪ್ರಯೋಗದಲ್ಲಿ ಯಾರೂ ಗ್ಯಾರಂಟಿ ಎನ್ನುವುದಿಲ್ಲ.

ಪ್ರಶ್ನೆ (ಜಮಖಂಡಿಯಿಂದ):
ನಮ್ಮ ಆಯಿಗೂ ಇದಽ ಕಾಯಿಲೆ. ಸಂಜಿ ಆತಂದ್ರ ಅಂಗಳದಾಗ ಬಣ್ಣದ ಅಂಗಿ ಹಾಕ್ಕೊಂಡ ಹುಡುಗ್ರು ಕುಂತಾರ ಅಂತಾಳ. ಯಾರೂ ಇರಂಗಿಲ್ಲ. ದೇವರು ಕೇಳಿಸಿದ್ವಿ, ತಾಯತ ಕಟ್ಟಿಸಿದ್ವಿ.

ಉತ್ತರ:
ಆಯಿಗೆ ಅವರ ಮಾತು ಕೇಳಿಸುತ್ತದೆಯೇ? ಬರೀ ಕಾಣುತ್ತಾರೆ, ಮಾತಾಡುವುದಿಲ್ಲ, ಅವರು ನಿಜವಲ್ಲ ಎಂದು ಆಯಿಗೂ ಗೊತ್ತಾಗುತ್ತದೆ ಎಂದರೆ ಇದು ಬಹುಶಃ ಚಾರ್ಲ್ಸ್ ಬೊನೆ ಸಿಂಡ್ರೋಮ್. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಬೊನೆ 1760ರಲ್ಲಿ ತನ್ನ ಅಜ್ಜನಿಗೆ ಹೀಗೆ ಕಂಡದ್ದನ್ನು ಬರೆದಿಟ್ಟ. ಆಯಿಗೆ ಗಾಳಿ ಸೋಕಿಲ್ಲ, ಬುದ್ಧಿಯೂ ಕೆಟ್ಟಿಲ್ಲ, ಹಾಗೆಂದು ಅವರಿಗೇ ಹೇಳಿ. ಎಷ್ಟೋ ಜನ ಹುಚ್ಚಿ ಎಂದಾರು ಎಂದು ಬಾಯಿಬಿಡುವುದಿಲ್ಲ. ಸಂಜೆ ಅಂಗಳದ ದೀಪ ಹಾಕಿ. ಮಾತೂ ಕೇಳಿಸುತ್ತಿದ್ದರೆ, ಅಥವಾ ನೆನಪು ತಪ್ಪುತ್ತಿದ್ದರೆ, ಬೇರೆ ಡಾಕ್ಟರಿಗೆ ತೋರಿಸಬೇಕು.

ಪ್ರಶ್ನೆ (ಗುಳೇದಗುಡ್ಡದಿಂದ):
ಬರೂ ಗುರುವಾರ ಮೊದಲನೇ ಸೂಜಿ ಐತ್ರೀ ಮೇಡಂ, ದೇಶದಾಗಽ ತಯಾರಾದ ರಾನಿಬಿಜುಮ್ಯಾಬ್. ಎಕೋಸ್ಪ್ರಿನ್ ಗುಳಿಗಿ ಎರಡು ದಿನ ಮೊದಲ ಬಿಡಸಬೇಕೇನ್ರೀ?

ಉತ್ತರ:
ಬಿಡಿಸಬೇಡಿ. ಸ್ಟೆಂಟ್ ಇರುವವರು ರಕ್ತ ತೆಳುವಾಗುವ ಗುಳಿಗೆಯನ್ನು ತಾವಾಗಿ ನಿಲ್ಲಿಸುವುದು ಕಣ್ಣಿನ ಸೂಜಿಗಿಂತ ದೊಡ್ಡ ಅಪಾಯ. ಮರುದಿನ ಬಿಳಿಗುಡ್ಡೆಯಲ್ಲಿ ರಕ್ತ ಕಂಡರೆ ಗಾಬರಿ ಬೇಡ, ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಕೆಲವು ದಿನ ತಲೆಸ್ನಾನ ಬೇಡ, ಕಣ್ಣು ಉಜ್ಜಬಾರದು. ಇನ್ನು ಮೇಲೆ ದಿನಾ ಬೆಳಿಗ್ಗೆ ಕನ್ನಡಕ ಹಾಕಿಸಿ ಮಗ್ಗದ ಮುಂದೆ ಕೂರಿಸಿ, ಬಲಗಣ್ಣು ಮುಚ್ಚಿ ಹಾಸಿನ ಎಳೆ ತೋರಿಸಿ. ಗೆರೆ ಡೊಂಕು ಕಾಣುತ್ತದೆಯೇ ಎಂದು ನೋಡಲು ನಾವು ಕೊಡುವ ಚೌಕಳಿ ಗೆರೆಚೀಟಿಗಿಂತ ಅವರಿಗೆ ಅದೇ ಪರಿಚಯ.

ಸೂಜಿಯಾದ ಎರಡರಿಂದ ಐದು ದಿನದೊಳಗೆ ನೋವು ಹೆಚ್ಚುತ್ತ ಹೋದರೆ, ಕಣ್ಣು ಕೆಂಪೇರಿ ದೃಷ್ಟಿ ಕುಗ್ಗಿದರೆ, ಬೆಳಕು ನೋಡಲಾಗದಿದ್ದರೆ ಅಂದೇ ಹೊರಡಿ. ಮದುವೆಯ ದಿನವೇ ಆದರೂ. ಆಸ್ಪತ್ರೆಯ ರಾತ್ರಿ ಫೋನ್ ನಂಬರನ್ನು ಗುರುವಾರ ಅಲ್ಲಿಂದ ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಿ.