ಡಾಕಿನ್ಸ್ ಹೆಸರೆತ್ತಿದರೆ ಜೀವವಿಕಾಸದ ಪಾಠ ದೇವರ ಚರ್ಚೆಯಾಗುತ್ತದೆ: ಎರಡನ್ನೂ ಬಿಡಿಸುವುದು ಹೇಗೆ?

ಪ್ರಶ್ನೆ (ಚಿಗುರುಬೇರು)

ಹೈಸ್ಕೂಲು ದಾಟಿದ ವಿದ್ಯಾರ್ಥಿಗಳಿಗೆ ಎರಡು ಗಂಟೆಯ ಜೀವವಿಕಾಸ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ದೇವರಿಲ್ಲ ಎಂದು ವಾದಿಸುವ ಬ್ರಿಟನ್ನಿನ ಜೀವಶಾಸ್ತ್ರಜ್ಞ ರಿಚರ್ಡ್ ಡಾಕಿನ್ಸ್ ಅವರ ವಿವರಣೆಗಳಷ್ಟು ತಿಳಿಯಾದವು ಸಿಗುವುದು ಕಷ್ಟ, ಬಳಸಿಕೊಳ್ಳುವ ಆಸೆಯಿದೆ. ಆದರೆ ಅವರ ಹೆಸರು ಬಂದ ಕಡೆಯಲ್ಲೆಲ್ಲ ಇದೇ ನಾಲ್ಕು ಮಾತು ಏಳುತ್ತವೆ:

1. ವಿಕಾಸವಾದ ಒಪ್ಪಿದವನು ನಾಸ್ತಿಕನಾಗಲೇಬೇಕು, ಡಾಕಿನ್ಸ್ ಅವರೇ ಅದಕ್ಕೆ ಸಾಕ್ಷಿ.
2. ಸ್ವಾರ್ಥವೇ ಸಹಜ ಎಂದು ಅವರು ಬರೆದಿದ್ದಾರೆ.
3. ಬ್ರಿಟನ್ನಿನ ವಿಜ್ಞಾನಿಗಳೇ ಅವರನ್ನು ಒಪ್ಪುವುದಿಲ್ಲ.
4. ಎಲ್ಲವೂ ಆಕಸ್ಮಿಕ ಅನ್ನುವುದಾದರೆ ಕಣ್ಣಿನಂಥ ಅಂಗ ಹೇಗೆ ಬಂತು?

ಒಂದೊಂದಕ್ಕೂ ಖಚಿತ ಉತ್ತರ ಬೇಕು. ಅವರ ಹೆಸರನ್ನೇ ಬಿಟ್ಟುಬಿಡುವುದು ಒಳ್ಳೆಯದೋ, ಅದನ್ನೂ ಹೇಳಿ.

ಉತ್ತರ (ಪಳೆಯುಳಿಕೆ)

ಹೆಸರು ಬಿಡಬೇಡಿ. ನೀವು ಬಿಟ್ಟರೂ ಮೊದಲ ಪ್ರಶ್ನೆಯಲ್ಲೇ ಯಾರಾದರೂ ಎತ್ತುತ್ತಾರೆ.

ಮೊದಲು ಪದ ಸರಿಮಾಡಿಕೊಳ್ಳಿ. ನಾವು "ವಿಕಾಸವಾದ" ಅಂದಕೂಡಲೇ ಅದು ನಾಸ್ತಿಕವಾದ, ಸಮಾಜವಾದಗಳ ಸಾಲಿಗೆ ಸೇರಿ, ಬೇಕಾದವರು ಒಪ್ಪಬಹುದಾದ, ಬೇಡವಾದವರು ಬಿಡಬಹುದಾದ ಪಂಥದಂತೆ ಕೇಳಿಸುತ್ತದೆ. ನಡೆದ, ನಡೆಯುತ್ತಿರುವ ಸಂಗತಿಗೆ "ಜೀವವಿಕಾಸ" ಅನ್ನಿ, ಅದರ ವಿವರಣೆಗೆ "ವಿಕಾಸ ಸಿದ್ಧಾಂತ" ಅನ್ನಿ. "ವಿಕಾಸ" ಅನ್ನುವ ಮಾತಿನಲ್ಲೂ ಒಂದು ತೊಡಕಿದೆ. ಹೂವು ಅರಳಿದಂತೆ, ಕೆಳಗಿನಿಂದ ಮೇಲಕ್ಕೆ ಏರಿದಂತೆ ಅನ್ನಿಸುತ್ತದೆ. ಗುಹೆಯ ಮೀನು ಕಣ್ಣು ಕಳೆದುಕೊಂಡದ್ದೂ ವಿಕಾಸವೇ ಎಂದು ಆರಂಭದಲ್ಲೇ ಹೇಳಿಬಿಡಿ.

ಆಮೇಲೆ ಹಲಗೆಯ ಮೇಲೆ ಮೂರು ಕಂಬಸಾಲು ಎಳೆಯಿರಿ. ಒಂದು: ವಿಕಾಸ ನಡೆದಿದೆಯೇ? ಎರಡು: ಯಾವ ಕಾರಣಗಳಿಂದ? ಮೂರು: ಇದರಿಂದ ದೇವರ ಬಗ್ಗೆ ಏನು ತಿಳಿಯುತ್ತದೆ? ಡಾಕಿನ್ಸ್ ಅವರ ಪುಸ್ತಕಗಳನ್ನೇ ಇದರಲ್ಲಿ ಹಂಚಬಹುದು. 2009ರ "ದಿ ಗ್ರೇಟೆಸ್ಟ್ ಷೋ ಆನ್ ಅರ್ಥ್" ಪುರಾವೆಗಳದ್ದು, ಮೊದಲ ಸಾಲಿಗೆ. 1976ರ "ದಿ ಸೆಲ್ಫಿಷ್ ಜೀನ್" ಮತ್ತು 1982ರ "ದಿ ಎಕ್ಸ್‌ಟೆಂಡೆಡ್ ಫಿನೊಟೈಪ್" ಎರಡನೆಯದಕ್ಕೆ. 2006ರ "ದಿ ಗಾಡ್ ಡಿಲ್ಯೂಷನ್" ಮೂರನೆಯದಕ್ಕೆ. ಜನ ಅವರನ್ನು ಗುರುತಿಸುವುದು ಈ ಕೊನೆಯ ಪುಸ್ತಕದಿಂದ. ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡಿದ ನಿಕೊ ಟಿನ್‌ಬರ್ಗೆನ್ ಅವರ ಶಿಷ್ಯರಾಗಿ, ಕೋಳಿಮರಿಗಳು ಎಲ್ಲಿ ಕುಕ್ಕಬೇಕೆಂದು ಹೇಗೆ ಆರಿಸುತ್ತವೆ ಎಂಬುದರ ಮೇಲೆ ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಮಾಡಿದ ಪ್ರಾಣಿಶಾಸ್ತ್ರಜ್ಞ ಆ ಜನರಿಗೆ ಕಾಣುವುದಿಲ್ಲ.

ಸಿದ್ಧಾಂತ ಅವರ ಹೆಗಲ ಮೇಲೆ ನಿಂತಿಲ್ಲ ಎಂಬುದಕ್ಕೆ ಇಸವಿಗಳೇ ಸಾಕು. ಡಾರ್ವಿನ್ನರ ಪುಸ್ತಕ ಬಂದದ್ದು 1859ರಲ್ಲಿ, ಡಾಕಿನ್ಸ್ ಹುಟ್ಟಿದ್ದು 1941ರಲ್ಲಿ. ನಡುವೆ ನೈಸರ್ಗಿಕ ಆಯ್ಕೆಗೆ (ಹೆಚ್ಚು ಸಂತಾನ ಬಿಟ್ಟವುಗಳ ಗುಣ ಹರಡುವುದಕ್ಕೆ) ಗಣಿತದ ಬುನಾದಿ ಹಾಕಿದವರಲ್ಲಿ ರೊನಾಲ್ಡ್ ಫಿಶರ್ ಆಂಗ್ಲಿಕನ್ ಕ್ರೈಸ್ತರು, ಹಾಲ್ಡೇನ್ ನಾಸ್ತಿಕರು. ಇಬ್ಬರ ಲೆಕ್ಕವೂ ಒಂದಕ್ಕೊಂದು ಹೊಂದುತ್ತದೆ. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ತಳಿಶಾಸ್ತ್ರಜ್ಞ ಡಾಬ್‌ಜಾನ್ಸ್ಕಿ ಆಸ್ತಿಕರು. 2005ರಲ್ಲಿ ಅಮೆರಿಕದ ಡೋವರ್ ಮೊಕದ್ದಮೆಯಲ್ಲಿ, ಶಾಲೆಯೊಳಗೆ "ಬುದ್ಧಿವಂತ ವಿನ್ಯಾಸ"ವನ್ನು (ಜೀವಿಗಳನ್ನು ಬುದ್ಧಿಯುಳ್ಳ ಯಾರೋ ರೂಪಿಸಿದ್ದಾರೆ ಎಂಬ ವಾದವನ್ನು) ತರುವುದರ ವಿರುದ್ಧ ಸಾಕ್ಷಿ ನುಡಿದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಕ್ಯಾಥೊಲಿಕ್. ಹೀಗಿರುವಾಗ "ನಾಸ್ತಿಕನಾಗಲೇಬೇಕು" ಅನ್ನುವ ಮಾತು ನಿಲ್ಲುವುದಿಲ್ಲ.

ಉತ್ತರ (ಕವಲುದಾರಿ)

ಮೂರು ಸಾಲು ಒಳ್ಳೆಯ ಉಪಾಯ, ಆದರೆ ಆ ಗೆರೆಗಳನ್ನು ಡಾಕಿನ್ಸ್ ಅವರೇ ಒಪ್ಪುವುದಿಲ್ಲ. ಇದನ್ನು ಮುಚ್ಚಿಟ್ಟರೆ ಅನ್ಯಾಯ. ದೇವರಿರುವ ಜಗತ್ತಿಗೂ ಇಲ್ಲದ ಜಗತ್ತಿಗೂ ವ್ಯತ್ಯಾಸ ಇರಲೇಬೇಕು, ಆದ್ದರಿಂದ ಅದೂ ವಿಜ್ಞಾನ ಕೇಳಬಹುದಾದ ಪ್ರಶ್ನೆಯೇ ಎಂಬುದು ಅವರ ನಿಲುವು. ವಿಜ್ಞಾನದ ಕ್ಷೇತ್ರ ಬೇರೆ, ಧರ್ಮದ ಕ್ಷೇತ್ರ ಬೇರೆ ಎಂದು ಬೇಲಿ ಹಾಕಿದವರು ಅಮೆರಿಕದ ಪಳೆಯುಳಿಕೆ ತಜ್ಞ ಸ್ಟೀಫನ್ ಜೇ ಗೂಲ್ಡ್, 1997ರ ಪ್ರಬಂಧದಲ್ಲಿ. ಅವರೂ ಧಾರ್ಮಿಕರಲ್ಲ. ದೇವರ ವಿಷಯದಲ್ಲಿ ಹೀಗೆ ಬೇರೆಯಾದ ಇಬ್ಬರೂ ಜೀವವಿಕಾಸ ನಡೆದಿದೆ ಎನ್ನುವುದರಲ್ಲಿ ಕೂದಲೆಳೆಯಷ್ಟೂ ಭಿನ್ನರಲ್ಲ. ಮೂರನೆಯ ಸಾಲಿನ ಜಗಳ ಮೊದಲನೆಯದನ್ನು ಅಲುಗಾಡಿಸುವುದಿಲ್ಲ ಎಂದು ತೋರಿಸಲು ಇದೇ ಒಳ್ಳೆಯ ಉದಾಹರಣೆ.

ಇನ್ನು ಎರಡನೆಯ ಆಕ್ಷೇಪ. "ದಿ ಸೆಲ್ಫಿಷ್ ಜೀನ್" ಎಂಬ ಪುಸ್ತಕದ ಹೆಸರಿಗೆ "ಸ್ವಾರ್ಥಿ ಜೀನ್" ಎಂದು ಪದಕ್ಕೆ ಪದ ಇಟ್ಟಾಗಲೇ ಅರ್ಥ ಕೆಡುತ್ತದೆ. ಕನ್ನಡದಲ್ಲಿ ಸ್ವಾರ್ಥ ಅಂದರೆ ಮನಸ್ಸು, ಉದ್ದೇಶ, ಪರರಿಗೆ ಕೇಡು, ಇಷ್ಟೂ ಸೇರುತ್ತವೆ. ಜೀನು ಅಂದರೆ ಹೆತ್ತವರಿಂದ ಮಕ್ಕಳಿಗೆ ಸಾಗುವ ಗುಣದ ಸೂಚನೆ, ಅದಕ್ಕೆ ಮನಸ್ಸಿಲ್ಲ. ಹೇಳಬೇಕಾದದ್ದು ಇಷ್ಟು: ತನ್ನ ಪ್ರತಿಗಳ ಸಂಖ್ಯೆ ಹೆಚ್ಚುವಂತೆ ಪರಿಣಾಮ ಬೀರುವ ಜೀನುಗಳು ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತವೆ. ಅಂಥ ಜೀನು ತನ್ನನ್ನು ಹೊತ್ತ ಪ್ರಾಣಿಯನ್ನು ತ್ಯಾಗಿಯನ್ನಾಗಿಯೂ ಮಾಡಬಹುದು. ಆ ಪುಸ್ತಕದ ದೊಡ್ಡ ಭಾಗ ಪರೋಪಕಾರ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆಯೇ ಇದೆ.

ಲೆಕ್ಕ ತೋರಿಸಿ. ಜೀವಶಾಸ್ತ್ರಜ್ಞ ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ನಿಯಮ: ನಂಟಿನ ಪ್ರಮಾಣವನ್ನು (ಒಬ್ಬನ ಜೀನು ಇನ್ನೊಬ್ಬನಲ್ಲೂ ನೆಂಟಸ್ತನದಿಂದ ಇರುವ ಸಾಧ್ಯತೆಯನ್ನು) ನೆರವು ಪಡೆದವನ ಲಾಭದಿಂದ ಗುಣಿಸಿದಾಗ, ನೆರವು ಕೊಟ್ಟವನ ನಷ್ಟಕ್ಕಿಂತ ಹೆಚ್ಚು ಬಂದರೆ ಆ ಗುಣ ಹರಡುತ್ತದೆ. ಒಡಹುಟ್ಟಿದವರ ನಂಟು 1/2, ಚಿಕ್ಕಪ್ಪ, ಸೋದರಮಾವಂದಿರ ಮಕ್ಕಳದು 1/8. ಇಲ್ಲಿ ಸಾಮಾನ್ಯವಾಗಿ ತಪ್ಪುವುದು ಜೇನಿನ ಉದಾಹರಣೆ. ಕೆಲಸಗಾರ ಜೇನುಗಳ ನಡುವಿನ ನಂಟು 3/4 ಎಂದು ಹೇಳಿ ಮುಗಿಸುತ್ತಾರೆ. ರಾಣಿ ಒಂದೇ ಗಂಡಿನೊಂದಿಗೆ ಕೂಡಿದ್ದರೆ ಮಾತ್ರ ಅದು ನಿಜ. ಜೇನುರಾಣಿ ಹಲವು ಗಂಡುಗಳೊಂದಿಗೆ ಕೂಡುತ್ತಾಳೆ. 10 ಗಂಡುಗಳ ಪಾಲು ಸಮನಾಗಿದ್ದರೆ ಸರಾಸರಿ 0.30ಕ್ಕೆ ಇಳಿಯುತ್ತದೆ. ಹ್ಯಾಮಿಲ್ಟನ್ ನಿಯಮ ಇದರಿಂದ ಸುಳ್ಳಾಗುವುದಿಲ್ಲ, ಆದರೆ ಬರೀ 3/4 ಇಟ್ಟುಕೊಂಡು ಇಡೀ ಗೂಡನ್ನು ವಿವರಿಸಲು ಹೊರಟರೆ ಸಿಕ್ಕಿಬೀಳುತ್ತೀರಿ.

ಹುಟ್ಟುತ್ತಲೇ ನಾವು ಸ್ವಾರ್ಥಿಗಳು ಎಂಬರ್ಥದ ಒಂದು ಸಾಲು ಮೊದಲ ಮುದ್ರಣದಲ್ಲಿತ್ತು, ನಿಜ. ಮೂವತ್ತನೆಯ ವರ್ಷದ ಆವೃತ್ತಿಯ ಮುನ್ನುಡಿಯಲ್ಲಿ ಅವರು ಅದು ದಾರಿತಪ್ಪಿಸುವಂಥದ್ದು, ಮನಸ್ಸಿನಲ್ಲೇ ಅಳಿಸಿಕೊಳ್ಳಿ ಎಂದಿದ್ದಾರೆ. "ಅಮರ ಜೀನ್" ಎಂಬ ಹೆಸರು ಇನ್ನೂ ಚೆನ್ನಾಗಿರುತ್ತಿತ್ತೇನೋ ಎಂದೂ ಬರೆದಿದ್ದಾರೆ.

ಉತ್ತರ (ಎಣಿಕೆಗಾರ)

ಮೂರನೆಯ ಮಾತಿನ ಮೂಲ 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ. ಅಂಕಿಗಳನ್ನು ಸರಿಯಾಗಿ ಓದಿ. ಬ್ರಿಟನ್ನಿನ ವಿಜ್ಞಾನಿಗಳ ಜೊತೆ 137 ದೀರ್ಘ ಸಂದರ್ಶನಗಳು ನಡೆದವು. ಡಾಕಿನ್ಸ್ ಬಗ್ಗೆ ಸಂದರ್ಶಕರು ಕೇಳಿರಲಿಲ್ಲ, 48 ಮಂದಿ ತಾವಾಗಿಯೇ ಹೆಸರೆತ್ತಿದರು. ಆ 48ರಲ್ಲಿ ಶೇ. 80ರಷ್ಟು, ಅಂದರೆ 38ರ ಆಸುಪಾಸು ಜನ, ಡಾಕಿನ್ಸ್ ವಿಜ್ಞಾನವನ್ನು ಜನರ ಮುಂದೆ ಬಿಂಬಿಸುವ ರೀತಿ ಸರಿಯಿಲ್ಲ ಎಂದರು. ಉಳಿದ 89 ಮಂದಿ ಏನನ್ನುತ್ತಿದ್ದರು ಎಂದು ಈ ಅಂಕಿಗಳಿಂದ ತಿಳಿಯುವುದಿಲ್ಲ. ತಾವಾಗಿ ಒಬ್ಬರ ಹೆಸರೆತ್ತುವವರಲ್ಲಿ ಬಲವಾದ ಅಭಿಪ್ರಾಯ ಇರುವವರೇ ಹೆಚ್ಚಿರುತ್ತಾರೆ. "ಬ್ರಿಟನ್ನಿನ ಶೇ. 80 ವಿಜ್ಞಾನಿಗಳು" ಎಂದು ಹಂಚಿಕೊಳ್ಳುವುದು ಶುದ್ಧ ತಪ್ಪು. ಅಲ್ಲದೆ ಆ ವಿಜ್ಞಾನಿಗಳ ಆಕ್ಷೇಪ ಇದ್ದದ್ದು ವಿಜ್ಞಾನದ ಮಿತಿಗಳ ಬಗ್ಗೆ ಡಾಕಿನ್ಸ್ ಮಾತಾಡುವ ಬಗೆಯ ಮೇಲೆ, ಧಾಟಿಯ ಮೇಲೆ. ಜೀವವಿಕಾಸದ ಮೇಲಲ್ಲ.

ಜನಾಭಿಪ್ರಾಯದ ಅಂಕಿಗಳಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಕೇಳುವ ರೀತಿಯೇ ಉತ್ತರ ಬದಲಿಸುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಇದನ್ನು ಚೊಕ್ಕವಾಗಿ ತೋರಿಸಿತು. ಒಂದು ಗುಂಪಿಗೆ ಮೊದಲು "ಮನುಷ್ಯ ವಿಕಾಸಗೊಂಡನೇ, ಆದಿಯಿಂದ ಹೀಗೇ ಇದ್ದನೇ?" ಎಂದು ಕೇಳಿ, ದೇವರ ಪಾತ್ರವನ್ನು ಆಮೇಲೆ ಕೇಳಿದರು. ಶೇ. 31 ಜನ "ಹೀಗೇ ಇದ್ದ" ಎಂದರು. ಇನ್ನೊಂದು ಗುಂಪಿಗೆ ವಿಕಾಸ ದೇವರ ನೆರವಿನಿಂದ, ದೇವರ ನೆರವಿಲ್ಲದೆ, ಆದಿಯಿಂದ ಹೀಗೇ, ಈ ಮೂರನ್ನೂ ಒಟ್ಟಿಗೆ ಮುಂದಿಟ್ಟರು. "ಹೀಗೇ ಇದ್ದ" ಅಂದವರು ಶೇ. 18ಕ್ಕೆ ಇಳಿದರು. ಮೊದಲ ರೀತಿಯಲ್ಲಿ ಆಸ್ತಿಕನಿಗೆ, ವಿಕಾಸ ಒಪ್ಪಿದರೆ ನಂಬಿಕೆ ಬಿಟ್ಟಂತಾಗುತ್ತದೆ ಎಂಬ ಭಯ. ಎರಡನೆಯದರಲ್ಲಿ ನಂಬಿಕೆ ಇಟ್ಟುಕೊಂಡೇ ಉತ್ತರಿಸಲು ಜಾಗವಿದೆ.

ತರಗತಿಯಲ್ಲೂ ಇದನ್ನೇ ಮಾಡಿ. ಪಾಠಕ್ಕೆ ಮುಂಚೆ ಅರ್ಧ ಮಂದಿಗೆ ಮೊದಲ ರೀತಿಯ ಪ್ರಶ್ನೆಯ ಚೀಟಿ, ಅರ್ಧ ಮಂದಿಗೆ ಎರಡನೆಯ ರೀತಿಯದು, ಹೆಸರು ಬರೆಸದೆ. ಚೀಟಿಗಳನ್ನು ಕಲೆಸಿ ಹಂಚಿ. ಬೆಂಚಿನ ಸಾಲಿನಂತೆ ಕೊಟ್ಟರೆ ಗೆಳೆಯರೆಲ್ಲ ಒಂದೇ ಗುಂಪಿಗೆ ಬೀಳುತ್ತಾರೆ. ಮೂವತ್ತು ನಲವತ್ತು ಮಂದಿಯಲ್ಲಿ ಎರಡು ಮೂರು ಚೀಟಿಗಳ ವ್ಯತ್ಯಾಸಕ್ಕೆ ಅರ್ಥ ಕಟ್ಟಬೇಡಿ.

ಉತ್ತರ (ಏಳುಸುತ್ತು)

ನಾಲ್ಕನೆಯದು ನನಗೆ ಬಹಳ ಮುಖ್ಯ. ರೂಪಾಂತರ, ಅಂದರೆ ಜೀನಿನಲ್ಲಿ ಬದಲಾವಣೆ, ಹುಟ್ಟುವುದು ಆಕಸ್ಮಿಕ, ಆಯ್ಕೆ ಆಕಸ್ಮಿಕವಲ್ಲ. ಚಿಕ್ಕ ಚಿಕ್ಕ ಗಳಿಕೆ ಉಳಿದು ಸೇರುತ್ತ ಹೋಗಿಯೇ ಕಣ್ಣಿನಂಥ ಅಂಗ ಬರುತ್ತದೆ. ಇದನ್ನು ತೋರಿಸಲು ಡಾಕಿನ್ಸ್ 1986ರಲ್ಲಿ ಒಂದು ಕಂಪ್ಯೂಟರ್ ಆಟ ಕೊಟ್ಟರು: 28 ಸ್ಥಾನಗಳ ಇಂಗ್ಲಿಷ್ ವಾಕ್ಯವೊಂದು ಗುರಿ, ಒಂದೊಂದು ಸ್ಥಾನಕ್ಕೆ 27 ಚಿಹ್ನೆ. ಒಂದೇ ಏಟಿಗೆ ಹೊಂದುವ ಸಾಧ್ಯತೆ 10ರ ಮೇಲೆ 40 ಘಾತದಲ್ಲಿ ಒಂದು.

ಕನ್ನಡ ವಾಕ್ಯದಿಂದ ಮಾಡಲು ಹೋಗಬೇಡಿ. "ಕ್ಷಿ" ನಮಗೆ ಒಂದು ಅಕ್ಷರ, ಯೂನಿಕೋಡಿಗೆ ನಾಲ್ಕು ಸಂಕೇತ. ಗುಣಿತದ ಚಿಹ್ನೆಗಳು ಕಳಚಿ ಬಿದ್ದು ಸಾಲು ಓದಲಾಗುವುದಿಲ್ಲ. 28 ಅಂಕೆಗಳ ಸಂಖ್ಯೆಯನ್ನು ಗುರಿಯಾಗಿಡಿ:

ಮನಬಂದ 28 ಅಂಕೆಗಳಿಂದ ಶುರುಮಾಡಿ. ಅದರಿಂದ 100 ಪ್ರತಿ ತೆಗೆಯಿರಿ. ಪ್ರತಿಯೊಂದು ಅಂಕೆಯೂ ಶೇ. 5 ಸಾಧ್ಯತೆಯಲ್ಲಿ ಬೇರೊಂದು ಅಂಕೆಯಾಗಲಿ. ಗುರಿಗೆ ಅತಿ ಹತ್ತಿರದ ಪ್ರತಿ ಮುಂದಿನ ತಲೆಮಾರಿನ ತಾಯಿ. ಕೆಲವು ಹತ್ತು ತಲೆಮಾರುಗಳಲ್ಲಿ ಗುರಿ ಮುಟ್ಟುತ್ತದೆ.

ಶೇ. 5 ಯಾಕೆ? ಪ್ರತಿಯೊಂದರಲ್ಲಿ ಸರಾಸರಿ 1.4 ಬದಲಾವಣೆ, ನೂರರಲ್ಲಿ ಸುಮಾರು 24 ಪ್ರತಿಗಳು ತಾಯಿಯಂತೆಯೇ ಉಳಿಯುತ್ತವೆ. ಆದ್ದರಿಂದ ಗಳಿಸಿದ್ದು ಕೈಜಾರುವುದಿಲ್ಲ. ಶೇ. 30 ಇಟ್ಟರೆ ತಾಯಿಯಂತಿರುವ ಪ್ರತಿ ಸುಮಾರು 22,000ಕ್ಕೆ ಒಂದು. ಗಳಿಸಿದ್ದೆಲ್ಲ ಚೆದುರಿ ಆಟ ನಡುವೆಯೇ ತೂಗಾಡುತ್ತದೆ. ಎರಡನ್ನೂ ಓಡಿಸಿ ತೋರಿಸಿ. ಹೊಂದಿದ ಅಂಕೆಗಳಿಗೆ ಬೀಗ ಹಾಕುವ ಪ್ರೋಗ್ರಾಂ ಬರೆಯಬೇಡಿ. ಮೇಲಿನ ಲೆಕ್ಕಕ್ಕೆ ಆ ಬೀಗ ಬೇಕಿಲ್ಲ, ಹಾಕಿದರೆ "ಮೋಸ" ಅನ್ನುವವರ ಮಾತು ಸರಿಯಾಗುತ್ತದೆ.

ಒಂದು ಕೊರತೆ ಇದ್ದೇ ಇದೆ: ಆಟಕ್ಕೆ ಗುರಿಯಿದೆ, ನಿಸರ್ಗಕ್ಕಿಲ್ಲ. ಡಾಕಿನ್ಸ್ ಅವರೇ ಆ ಎಚ್ಚರಿಕೆ ಕೊಟ್ಟಿದ್ದಾರೆ. ಆದ್ದರಿಂದ ಇದರ ಬೆನ್ನಿಗೆ ಗುರಿಯಿಲ್ಲದ ಪ್ರಯೋಗ ಬೇಕು. ಅಮೆರಿಕದ ಜೀವಶಾಸ್ತ್ರಜ್ಞ ರಿಚರ್ಡ್ ಲೆನ್ಸ್ಕಿ 1988ರ ಫೆಬ್ರುವರಿಯಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಒಂದೇ ತಳಿಯಿಂದ 12 ಗುಂಪು ಶುರುಮಾಡಿದರು. ದಿನಕ್ಕೊಮ್ಮೆ ದ್ರವದ ನೂರನೇ ಒಂದು ಭಾಗ ಹೊಸ ಸೀಸೆಗೆ, ದಿನಕ್ಕೆ ಸುಮಾರು 6.6 ತಲೆಮಾರು, 500 ತಲೆಮಾರಿಗೊಮ್ಮೆ ಮಾದರಿ ಶೈತ್ಯಕ್ಕೆ. 31,500ನೇ ತಲೆಮಾರಿನ ಹೊತ್ತಿಗೆ ಒಂದು ಗುಂಪು ಆಮ್ಲಜನಕ ಇರುವಾಗಲೂ, ಇ. ಕೋಲೈಗೆ ಸಾಮಾನ್ಯವಾಗಿ ಆಗದಂತೆ, ದ್ರವದಲ್ಲಿದ್ದ ಸಿಟ್ರೇಟ್ ಎಂಬ ವಸ್ತುವನ್ನು ತಿನ್ನಲು ಕಲಿತಿತ್ತು. ಶೈತ್ಯದಲ್ಲಿದ್ದ ಹಳೆಯ ಮಾದರಿಗಳನ್ನು ಎಬ್ಬಿಸಿ ಮತ್ತೆ ಬೆಳೆಸಿದಾಗ, ಅದೇ ಗುಂಪಿನ ಸುಮಾರು 20,000ನೇ ತಲೆಮಾರಿನ ನಂತರದ ಮಾದರಿಗಳಲ್ಲಿ ಮಾತ್ರ ಆ ಗುಣ ಗಮನಾರ್ಹವಾಗಿ ಮರಳಿ ಬಂತು. ಮುಂಚಿನ ಯಾವುದೋ ಬದಲಾವಣೆ ದಾರಿ ಮಾಡಿಕೊಟ್ಟಿತ್ತು.

ಮರುಪ್ರಶ್ನೆ (ಚಿಗುರುಬೇರು)

ಬಹಳ ಉಪಕಾರವಾಯಿತು. ಡಾಕಿನ್ಸ್ ಅವರದೇ ಒಂದು ಉದಾಹರಣೆ ತೋರಿಸುವುದಾದರೆ ಯಾವುದು, ಯಾವ ಹೊತ್ತಿಗೆ?

ಉತ್ತರ (ಪಳೆಯುಳಿಕೆ)

ಜಿರಾಫೆಯ ಗಂಟಲಿನ ನರ. 2009ರಲ್ಲಿ ಬ್ರಿಟನ್ನಿನ ಟಿವಿ ಕಾರ್ಯಕ್ರಮವೊಂದರಲ್ಲಿ ಜಿರಾಫೆಯನ್ನು ಛೇದಿಸಿ ಅದನ್ನು ಬಿಡಿಸಿ ತೋರಿಸಿದಾಗ ಅವರು ಜೊತೆಗಿದ್ದರು. ಮಿದುಳಿನಿಂದ ಹೊರಟ ನರ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಕೆಳಗಿಳಿದು, ಎಡಬದಿಯಲ್ಲಿ ಹೃದಯದ ಬಳಿಯ ಮಹಾಪಧಮನಿಯನ್ನು ಬಳಸಿ, ಮತ್ತೆ ಕತ್ತಿನುದ್ದಕ್ಕೂ ಏರಿ ಧ್ವನಿಪೆಟ್ಟಿಗೆಗೆ ಬರುತ್ತದೆ. ಒಟ್ಟು 4 ಮೀಟರಿಗೂ ಹೆಚ್ಚು. ಮೀನಿನಲ್ಲಿ ಇದಕ್ಕೆ ಸಮನಾದ ನರ ಕಿವಿರಿನ ರಕ್ತನಾಳದ ಹಿಂದಿನಿಂದ ನೇರವಾಗಿ ಹೋಗುತ್ತದೆ, ಅಲ್ಲಿ ಸುತ್ತು ಇಲ್ಲ. ಕತ್ತು ಉದ್ದವಾಗಿ ಹೃದಯ ಕೆಳಗೆ ಸರಿದಂತೆ ನಾಳ ನರವನ್ನೂ ಎಳೆದುಕೊಂಡು ಹೋಯಿತು. ಪ್ರತಿ ಹೆಜ್ಜೆಯಲ್ಲೂ ನರ ಇಷ್ಟಿಷ್ಟೇ ಉದ್ದವಾದರೆ ಸಾಕಿತ್ತು, ಕಳಚಿ ಬೇರೆ ದಾರಿ ಹಿಡಿಯುವ ಹೆಜ್ಜೆ ಬರಲೇ ಇಲ್ಲ. ಮನುಷ್ಯರಲ್ಲೂ ಇದೇ ಸುತ್ತು ಇದೆ, ಅದಕ್ಕೇ ಎದೆಯೊಳಗಿನ ಗಡ್ಡೆ ಕೆಲವೊಮ್ಮೆ ಮೊದಲು ದನಿಯನ್ನು ಕೆಡಿಸುತ್ತದೆ.

ಹೊತ್ತಿನ ಬಗ್ಗೆ: ಚೀಟಿಗೆ ಹತ್ತು ನಿಮಿಷ, ನರಕ್ಕೆ ಇಪ್ಪತ್ತು, ಅಂಕೆಯಾಟ ಮತ್ತು ಲೆನ್ಸ್ಕಿಗೆ ನಲವತ್ತೈದು, ಜೀನು ಮತ್ತು ನಂಟಿನ ಲೆಕ್ಕಕ್ಕೆ ಇಪ್ಪತ್ತು. ದೇವರ ಪ್ರಶ್ನೆ ನಡುವೆ ಬಂದರೆ ಮೂರನೆಯ ಸಾಲಿನಲ್ಲಿ ಬರೆದಿಟ್ಟು, ಕೊನೆಯ ಇಪ್ಪತ್ತೈದು ನಿಮಿಷದಲ್ಲಿ ಎತ್ತಿಕೊಳ್ಳಿ. ಆಗ ಗೂಲ್ಡ್ ಮತ್ತು ಡಾಕಿನ್ಸ್ ಇಬ್ಬರ ನಿಲುವನ್ನೂ ಓದಿ ಹೇಳಿ. ಬರೆದದ್ದನ್ನು ಅಳಿಸಿ ಮುಂದೆ ಹೋಗಬೇಡಿ, ಕೇಳಿದ ಹುಡುಗಿಯೋ ಹುಡುಗನೋ ಅದಕ್ಕಾಗಿ ಕಾಯುತ್ತಾ ಕೂತಿರುತ್ತಾರೆ.