ಲೋವೆಲ್‌ಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ

ಮಗಳೇ, ನಿನ್ನ ಸಂದೇಶವನ್ನು ಬೆಳಿಗ್ಗೆಯೇ ನೋಡಿದೆ. ಸಮಾಧಾನವಾಗಿ ಹೇಳಬೇಕೆಂದು ಈಗ ಕುಳಿತಿದ್ದೇನೆ. ಉದ್ದವಾಗುತ್ತದೆ, ಉಳಿದವರೂ ಕೇಳಿಸಿಕೊಳ್ಳಲಿ. ನ್ಯೂಜೆರ್ಸಿಯಿಂದ ಆರ್‌ವಿ, ಅಂದರೆ ಒಳಗೇ ಉಂಡು ಮಲಗುವ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು ನ್ಯೂಹ್ಯಾಂಪ್‌ಶೈರ್‌ನ ಬೆಟ್ಟಗಳಿಗೆ ಹೊರಟಿದ್ದೀರಿ. ದಾರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಹಳೆಯ ಗಿರಣಿ ಊರು ಲೋವೆಲ್ ಸಿಗುತ್ತದೆ, ಅಲ್ಲಿ ಅರ್ಧ ದಿನ ಸಾಕೇ, ಹಳೆಯ ಗಿರಣಿ ನೋಡಿ ಅಜ್ಜಿಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದೀಯ. ಅರ್ಧ ದಿನ ಸಾಲದು. ಬೇಸರದ ಮಾತಂತೂ ಬಿಡು, ಈ ಇಡೀ ಪ್ರವಾಸದಲ್ಲಿ ಅಜ್ಜಿಗೆಂದೇ ಇರುವ ಜಾಗ ಅದು.

ಮೊದಲು ಗಾಡಿಯ ವಿಷಯ ಮುಗಿಸುತ್ತೇನೆ. ಕನೆಕ್ಟಿಕಟ್‌ನಲ್ಲಿ ಮೆರಿಟ್ ಪಾರ್ಕ್‌ವೇ ಹತ್ತಬೇಡಿ, ಅಲ್ಲಿನ ಸೇತುವೆಗಳು ತಗ್ಗು, ಆರ್‌ವಿಗೆ ಪ್ರವೇಶವಿಲ್ಲ. ಬಾಸ್ಟನ್ ನೋಡುವ ಆಸೆಯಿಂದ ಸ್ಟಾರೊ ಡ್ರೈವ್‌ಗೂ ಇಳಿಯಬೇಡಿ, ಅಲ್ಲಿ 10 ಅಡಿಗಿಂತ ಎತ್ತರದ ಗಾಡಿ ಹೋಗುವಂತಿಲ್ಲ. ನಿಮ್ಮದು ಖಂಡಿತ ಅದಕ್ಕಿಂತ ಎತ್ತರ ಇರುತ್ತದೆ. ಬಾಸ್ಟನ್ ನಗರವನ್ನು ಬಳಸಿಕೊಂಡು ಹೋಗುವ 495ನೇ ಹೆದ್ದಾರಿ ಹಿಡಿದರೆ ಲೋವೆಲ್ ಪಕ್ಕದಲ್ಲೇ ಬರುತ್ತದೆ. ಇನ್ನೊಂದು ಮಾತು, ಉದ್ಯಾನ ಎಂದರೆ ಬೇಲಿ ಹಾಕಿದ ಹಸಿರು ಮೈದಾನ ಎಂದುಕೊಳ್ಳಬೇಡ. 1978ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾದ ಈ ಜಾಗ ಊರೊಳಗೇ ಹರಡಿಕೊಂಡಿದೆ. ಗಿರಣಿ, ಕಾಲುವೆ, ವಸತಿಗೃಹ ಎಲ್ಲವೂ ಬೀದಿಗಳ ನಡುವೆ ಇವೆ. ನಾವು ಹೋಗಿದ್ದಾಗ ನಮ್ಮ 28 ಅಡಿಯ ಗಾಡಿಯನ್ನು ಆ ಓಣಿಗಳಲ್ಲಿ ತಿರುಗಿಸಲು ನಿನ್ನ ಅತ್ತೆ ಇಳಿದು ಕೈಸನ್ನೆ ಮಾಡಬೇಕಾಯಿತು. ಡಟನ್ ಬೀದಿಯಲ್ಲಿ ಸಂದರ್ಶಕರ ವಾಹನ ನಿಲ್ದಾಣವಿದೆ. ನಿಮ್ಮ ಗಾಡಿಯ ಉದ್ದ ಹೇಳಿ ಉದ್ಯಾನದ ಕಚೇರಿಗೆ ಮೊದಲೇ ಫೋನ್ ಮಾಡಿ, ಬೆಳಿಗ್ಗೆ ಬೇಗ ಹೋಗಿ ನಿಲ್ಲಿಸಿ, ಸಂಜೆಯವರೆಗೆ ಮುಟ್ಟಬೇಡಿ. ಫೋನ್ ಮಾಡಿದಾಗಲೇ ಮಗ್ಗಗಳನ್ನು ಯಾವ ಹೊತ್ತಿಗೆ ಓಡಿಸುತ್ತಾರೆ ಎಂದೂ ಕೇಳು. ಇದನ್ನು ಮರೆಯಬೇಡ.

ಏಕೆಂದರೆ ಬೂಟ್ ಹತ್ತಿ ಗಿರಣಿಯ ಮಗ್ಗದ ಕೋಣೆಗಾಗಿಯೇ ನೀವು ಅಲ್ಲಿಗೆ ಹೋಗಬೇಕು. ಸಾಲು ಸಾಲಾಗಿ 88 ವಿದ್ಯುತ್ ಮಗ್ಗಗಳಿವೆ. ಎಲ್ಲವನ್ನೂ ಒಟ್ಟಿಗೆ ಓಡಿಸುವುದಿಲ್ಲ, ಕೆಲವನ್ನು ಮಾತ್ರ. ಅಷ್ಟಕ್ಕೇ ಕಿವಿಗೆ ತುರುಕಿಕೊಳ್ಳಲು ಬಿರಡೆ ಕೊಡುತ್ತಾರೆ. ಬಾಗಿಲು ದಾಟುವ ಮೊದಲೇ ಸದ್ದು ಅಂಗಾಲಿನಿಂದ ಮೇಲೇರುತ್ತದೆ. ಲಾಳಿ ಅತ್ತಿಂದಿತ್ತ ಹೊಡೆಯುವ ವೇಗಕ್ಕೆ ನೆಲವೇ ನಡುಗುತ್ತದೆ. ನಾನು ಅಲ್ಲಿ ನಿಂತಾಗ ಅಪ್ಪನ ನೆನಪಾಗಿ ಕಣ್ಣು ತುಂಬಿತು. ಅಪ್ಪ ದುಡಿದ ಗೋಕಾಕ ಫಾಲ್ಸ್‌ನದು ನೂಲಿನ ಗಿರಣಿ, ಅವರು ಇದ್ದದ್ದು ಕದಿರುಗಳ ಜೊತೆ, ಮಗ್ಗಗಳ ಜೊತೆ ಅಲ್ಲ. ಆದರೂ ರಾತ್ರಿ ಪಾಳಿ ಮುಗಿಸಿ ಬಂದವರು ಮನೆಯಲ್ಲಿ ಏಕೆ ಅಷ್ಟು ಜೋರಾಗಿ ಮಾತನಾಡುತ್ತಿದ್ದರು, ತಲೆಗೂದಲಲ್ಲಿ ಅರಳೆಯ ಎಳೆ ಏಕೆ ಇರುತ್ತಿತ್ತು ಎಂಬುದು ನನಗೆ ಅರ್ಥವಾದದ್ದು ಅಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ. ಗಿರಣಿಯ ಭೋಂಗಾ ಕೇಳಿ ಒಲೆ ಹೊತ್ತಿಸುತ್ತಿದ್ದ ನಿನ್ನ ಅಜ್ಜಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ.

ಲೋವೆಲ್‌ನಲ್ಲಿ ಭೋಂಗಾ ಇರಲಿಲ್ಲ, ಗಂಟೆ ಇತ್ತು. ಗಂಟೆ ಹೊಡೆದಾಗ ಏಳಬೇಕು, ಉಣ್ಣಬೇಕು, ಮಗ್ಗದ ಮುಂದೆ ನಿಲ್ಲಬೇಕು. 1820ರ ದಶಕದಲ್ಲಿ ಊರು ಹುಟ್ಟಿದಾಗ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ರೈತರ ಹೆಣ್ಣುಮಕ್ಕಳು. ದಿನಕ್ಕೆ 12-13 ಗಂಟೆ ದುಡಿತ. ಒಣಗಾಳಿ ತಗುಲಿದರೆ ನೂಲು ಹರಿಯುತ್ತದೆ ಎಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಲಾಳಿಯ ಕಣ್ಣಿನಿಂದ ನೂಲನ್ನು ಬಾಯಿಯಿಂದ ಎಳೆಯಬೇಕಿತ್ತು, ಒಬ್ಬರ ಬಾಯಿಗೆ ತಾಗಿದ್ದನ್ನೇ ಇನ್ನೊಬ್ಬರು. ಒಳಗೆ ಪುಸ್ತಕ ತರುವಂತಿರಲಿಲ್ಲ ಎಂದು ಕವಿತೆಗಳನ್ನು ಕತ್ತರಿಸಿ ಕಿಟಕಿಗೆ ಅಂಟಿಸಿಕೊಂಡು ಓದಿದವರಿದ್ದಾರೆ. ಆ ಹುಡುಗಿಯರೇ 1834ರಲ್ಲಿ ಕೂಲಿ ಇಳಿಸಿದಾಗ ಮಗ್ಗ ಬಿಟ್ಟು ಬೀದಿಗಿಳಿದರು, 1836ರಲ್ಲಿ ವಸತಿಯ ದರ ಏರಿಸಿದಾಗ ಮತ್ತೆ ಇಳಿದರು. 1845ರಲ್ಲಿ ಸಾರಾ ಬ್ಯಾಗ್ಲಿ ಎಂಬಾಕೆ, ದಿನಕ್ಕೆ ಹತ್ತೇ ಗಂಟೆ ಕೆಲಸವಿರಲಿ ಎಂದು ರಾಜ್ಯದ ಶಾಸಕರ ಸಮಿತಿಯ ಮುಂದೆ ನಿಂತು ಹೇಳಿದಳು. ಸಮಿತಿ ಏನನ್ನೂ ಮಾಡಲಿಲ್ಲ. ಗಿರಣಿಯ ಪಕ್ಕದ ವಸತಿಗೃಹದಲ್ಲಿ ಅವರ ಊಟದ ಮೇಜು, ಅಡುಗೆಮನೆ, ಇಬ್ಬಿಬ್ಬರು ಮಲಗುತ್ತಿದ್ದ ಮಂಚಗಳನ್ನು ಹಾಗೆಯೇ ತೋರಿಸಿದ್ದಾರೆ. ಮಕ್ಕಳನ್ನು ಅಲ್ಲಿಗೆ ತಪ್ಪದೆ ಕರೆದುಕೊಂಡು ಹೋಗು.

ಆಮೇಲೆ ಹತ್ತಿ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಮಕ್ಕಳಿಗೆ ನೀನೇ ಬಾಯಿಬಿಟ್ಟು ಹೇಳಬೇಕು. ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳಲ್ಲಿ ಗುಲಾಮರು ಬಿಡಿಸಿದ ಹತ್ತಿ ಅದು. ಇಲ್ಲಿ ನೇಯ್ದ ಒರಟು ಬಟ್ಟೆ ಆ ಗುಲಾಮರ ಮೈಮೇಲೆಯೇ ಹೋಗುತ್ತಿತ್ತು, ಅದಕ್ಕೆ ಲೋವೆಲ್ ಬಟ್ಟೆ ಎಂದೇ ಹೆಸರು. ನಮ್ಮ ಸೀಮೆಗೂ ಈ ಕಥೆಯ ಎಳೆ ತಾಗುತ್ತದೆ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬೆಳೆಸಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಅರಳೆಗೆ ಮುಗಿಬಿದ್ದವು.

ಸಮಯ ಉಳಿದರೆ ಕಾಲುವೆಯ ದೋಣಿ ಹತ್ತಿ. ಅದು ಬೇಸಿಗೆಯ ತಿಂಗಳುಗಳದ್ದು, ನೀವು ಹೋಗುವ ಹೊತ್ತಿಗೆ ಇದೆಯೋ ಕೇಳಿಕೊಳ್ಳಿ. ಮೆರಿಮ್ಯಾಕ್ ನದಿ ಪಾಟಕೆಟ್ ಜಲಪಾತದಲ್ಲಿ ಇಳಿಯುವುದು 32 ಅಡಿ ಮಾತ್ರ, ಗೋಕಾಕದಲ್ಲಿ ನಮ್ಮ ಘಟಪ್ರಭೆ ಧುಮುಕುವುದು 170 ಅಡಿ. ಆ 32 ಅಡಿಯನ್ನೇ ಒಂಬತ್ತು ಕಿಲೋಮೀಟರ್ ಕಾಲುವೆಗಳಲ್ಲಿ ಹಂಚಿ ಊರಿನ ಅಷ್ಟೂ ಗಿರಣಿಗಳನ್ನು ತಿರುಗಿಸಿದರು. ಜೇಮ್ಸ್ ಫ್ರಾನ್ಸಿಸ್ ಎಂಬ ಎಂಜಿನಿಯರ್ 1850ರಲ್ಲಿ ಕಾಲುವೆಯ ಬಾಯಿಗೆ ದೊಡ್ಡ ಮರದ ಕದ ತೂಗುಹಾಕಿದಾಗ ಹುಚ್ಚುತನ ಎಂದು ಜನ ನಕ್ಕರು. ಎರಡೇ ವರ್ಷಕ್ಕೆ ಪ್ರವಾಹ ಬಂತು, ಕೊಂಡಿ ಕಡಿದು ಕದ ಇಳಿಸಿದರು, ಊರು ಉಳಿಯಿತು. 1936ರ ಪ್ರವಾಹದಲ್ಲಿಯೂ ಅದೇ ಕದ ಕಾಪಾಡಿತು. ಇಂಥವನ್ನು ನಿನ್ನ ಮಗ ಗಂಟೆಗಟ್ಟಲೆ ನೋಡುತ್ತಾನೆ, ನನಗೆ ಗೊತ್ತು.

ಅಜ್ಜಿಗೆ ಮಂಡಿನೋವು, ಮಡಚುವ ಕುರ್ಚಿಯೊಂದು ಗಾಡಿಯಲ್ಲಿ ಇರಲಿ. ಮಗ್ಗದ ಕೋಣೆಗೆ ಹೋಗುವ ಮೊದಲು ಅವರ ಶ್ರವಣಯಂತ್ರವನ್ನು ತೆಗೆದಿಡು. ಹೊರಗೆ ಬಂದ ಮೇಲೆ ಕಾಲುವೆಯ ದಂಡೆಯಲ್ಲಿ ಕೂರಿಸಿ ಚಹಾ ಕೊಡು, ಏನನ್ನೂ ಕೇಳಬೇಡ. ಅವರೇ ಮಾತು ತೆಗೆದರೆ ಮೊಬೈಲ್‌ನಲ್ಲಿ ಪೂರ್ತಿ ದಾಖಲಿಸಿ ಅದೇ ದಿನ ನನಗೆ ಕಳುಹಿಸು.