ಪದಚರ್ಚೆ: ಡಬ್ಬಿಯ ಮೇಲೆ ‘ಕೊಲೊಸ್ಟ್ರಮ್’, ‘ಗ್ರೋತ್ ಫ್ಯಾಕ್ಟರ್’ – ಕನ್ನಡದಲ್ಲಿ ಏನು ಹಾಕಲಿ?

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು, ನಾಳೆ ಬೆಳಿಗ್ಗೆ ಲೇಬಲ್ ಅಚ್ಚಿಗೆ ಹೋಗುತ್ತದೆ. ಹಸುವಿನ ಕೊಲೊಸ್ಟ್ರಮ್, ಅಂದರೆ ಕರು ಹಾಕಿದ ಕೂಡಲೇ ಬರುವ ಮೊದಲ ಹಾಲು, ಒಣಗಿಸಿ ಮಾಡಿದ ಪುಡಿ. ದೊಡ್ಡವರು ದಿನಕ್ಕೊಂದು ಚಮಚ ನೀರಿಗೆ ಬೆರೆಸಿ ಕುಡಿಯುವಂಥದ್ದು. ಇಂಗ್ಲಿಷ್ ಲೇಬಲ್: ‘ಬೋವೈನ್ ಕೊಲೊಸ್ಟ್ರಮ್ ಹೆಲ್ತ್ ಸಪ್ಲಿಮೆಂಟ್. ನ್ಯಾಚುರಲ್ ಗ್ರೋತ್ ಫ್ಯಾಕ್ಟರ್ಸ್ ಫಾರ್ ಸ್ಕಿನ್ ಹೆಲ್ತ್.’

ಸದ್ಯಕ್ಕೆ ಹೀಗೆ ಹಾಕಿದ್ದೇನೆ: ‘ಗಿಣ್ಣು ಹಾಲಿನ ಪೂರಕ ಆಹಾರ. ತ್ವಚೆಯ ಆರೋಗ್ಯಕ್ಕೆ ನೈಸರ್ಗಿಕ ಬೆಳವಣಿಗೆಯ ಅಂಶಗಳು.’ ‘ಬೆಳವಣಿಗೆಯ ಅಂಶ’ ಅಂದರೆ ಓದುವವರಿಗೆ ಏನಾದರೂ ತಿಳಿಯುತ್ತಾ? ಇದಕ್ಕಿಂತ ಒಳ್ಳೆ ಪದ ಇದ್ದರೆ ದಯವಿಟ್ಟು ಕೊಡಿ.

ಸಂಸ್ಕೃತ ಮೇಷ್ಟ್ರು, ಮೈಸೂರು:

ಪೀಯೂಷ. ಬೇರೆ ಹುಡುಕುವುದೇ ಬೇಡ. ಅಮರಕೋಶದಲ್ಲೇ ‘ಹೊಸ ಹಾಲು’ ಅನ್ನುವ ಅರ್ಥದಲ್ಲಿ ಇದೆ. ಹಿಂದಿಯ ‘ಪೇವಸ್’ ಬಂದಿದ್ದೂ ಅಲ್ಲಿಂದಲೇ. ಗ್ರೋತ್ ಫ್ಯಾಕ್ಟರ್‌ಗೆ ‘ವೃದ್ಧಿಕಾರಕ’. ಎರಡೂ ಭಾರತದ ಯಾವ ಭಾಷೆಗಾದರೂ ಒಗ್ಗುತ್ತವೆ.

ಶಿವಮೊಗ್ಗದಿಂದ:

ಪೀಯೂಷ ಅಂದರೆ ಜನಕ್ಕೆ ಅಮೃತ. ಪುಡಿ ಮಾರುವವರಿಗೆ ಪುಕ್ಕಟೆ ಜಾಹೀರಾತು. ಬೇಡ.

ಗಿಣ್ಣು ನಮ್ಮದೇ ಪದ. ತೆಲುಗಿನ ‘ಜುನ್ನು’ ನೋಡಿ. ಕಿವಿ–ಚೆವಿ, ಕೆರೆ–ಚೆರುವು, ಕೆಡು–ಚೆಡು. ನಮ್ಮಲ್ಲಿ ಕಿ, ಕೆ, ಗಿ ಇದ್ದ ಕಡೆ ಅವರಲ್ಲಿ ಚ, ಜ. ಅದೇ ಸಾಲಿಗೆ ಗಿಣ್ಣು–ಜುನ್ನು. ಹಳೆಯ ಉಲಿ ಉಳಿದಿರುವುದು ಕನ್ನಡದಲ್ಲಿ. ಕಬ್ಬಿನ ಗಿಣ್ಣು, ಬೆರಳ ಗಿಣ್ಣು ಅನ್ನುತ್ತೇವಲ್ಲ, ಅದೂ ಇದೇ. ಹಾಲು ಗಂಟುಗಟ್ಟುತ್ತದೆ, ಅದಕ್ಕೇ ಗಿಣ್ಣು.

‘ಸಪ್ಲಿಮೆಂಟ್’ಗೆ ‘ಪುರವಣಿ’ ಅನ್ನುವ ಅಚ್ಚಗನ್ನಡ ಪದ ಇದೆ, ಪತ್ರಿಕೆಯವರು ವಾರವಾರ ಬಳಸುತ್ತಾರೆ. ಗ್ರೋತ್ ಫ್ಯಾಕ್ಟರ್‌ಗೆ ‘ಬೆಳೆಸುಕ’. ಕಂಪ್ಯೂಟರ್‌ಗೆ ‘ಎಣ್ಣುಕ’ ಕಟ್ಟಿದ ಹಾಗೇ.

ಧಾರವಾಡದಿಂದ:

ಗಂಟಿನ ಗಿಣ್ಣಿಗೂ ಹಾಲಿನ ಗಿಣ್ಣಿಗೂ ಸಂಬಂಧ ಇಲ್ಲ. ಗಂಟಿಗೆ ‘ಗೆಣ್ಣು’ ಅಂತಲೂ ಅನ್ನುತ್ತಾರೆ. ಹಾಲಿಗೆ ಹಾಗೆ ಅಂದಿದ್ದು ಎಲ್ಲಾದರೂ ಕೇಳಿದ್ದೀರಾ? ತೆಲುಗಿನಲ್ಲಿ ಕಬ್ಬಿನ ಗಂಟು ‘ಕಣುಪು’, ‘ಗಣುಪು’. ಅದು ಜುನ್ನು ಅಲ್ಲ. ಪದ ಒಂದೇ ಆಗಿದ್ದರೆ ಅಲ್ಲೂ ಒಂದೇ ಆಗಬೇಕಿತ್ತು. ಗಿಣ್ಣು–ಜುನ್ನು ಒಪ್ಪುತ್ತೇನೆ, ಗಂಟಿನ ಕಥೆ ಒಪ್ಪುವುದಿಲ್ಲ.

‘ಪುರವಣಿ’ ಅಚ್ಚಗನ್ನಡ ಅಂದಿರಾ? ಅದು ಮರಾಠಿ. ‘ಪುರವಣೆ’ ಅಂದರೆ ಒದಗಿಸುವುದು, ಅದರಿಂದ ‘ಪುರವಣೀ’. ನಮ್ಮ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಿವೃತ್ತ ಪಶುವೈದ್ಯ, ಹಾಸನ:

ಪದ ಆರಿಸುವ ಮೊದಲು ವಸ್ತು ಏನು ಅಂತ ನೋಡಿ. ಕರು ಹಾಕಿದ ಮೊದಲ ಹೊತ್ತು ಕರೆದ ಹಾಲು ಹಳದಿ ಇರುತ್ತದೆ, ಬೆರಳಿಗೆ ಅಂಟುತ್ತದೆ. ಹಾಗೇ ಒಲೆ ಮೇಲಿಟ್ಟರೆ ಒಡೆದು ಮುದ್ದೆಯಾಗುತ್ತದೆ. ಅದಕ್ಕೇ ಮಾಮೂಲಿ ಹಾಲು, ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸುವುದು. ಹೆಪ್ಪು ಹಾಕದೆ ಗಟ್ಟಿಯಾಗುವುದು ಅದರಲ್ಲಿರುವ ಪ್ರೋಟೀನಿನಿಂದ. ಅದರಲ್ಲಿ ಜಾಸ್ತಿ ಪಾಲು ರೋಗ ತಡೆಯುವ ಇಮ್ಯುನೊಗ್ಲಾಬ್ಯುಲಿನ್. ಕರುವಿಗೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕುಡಿಸಬೇಕು. ಸುಮಾರು 24 ಗಂಟೆ ಕಳೆದರೆ ಕರುವಿನ ಕರುಳಿಗೂ ಅದನ್ನು ಒಡೆಯದೆ ಇಡಿಯಾಗಿ ಹೀರಿಕೊಳ್ಳಲು ಆಗುವುದಿಲ್ಲ.

ಇನ್ನು ಗ್ರೋತ್ ಫ್ಯಾಕ್ಟರ್. ಐಜಿಎಫ್-1, ಟಿಜಿಎಫ್-ಬೀಟಾ, ಇಜಿಎಫ್ ಗಿಣ್ಣಿನಲ್ಲಿ ಇರುವುದು ನಿಜ. ಇವು ಜೀವಕೋಶಕ್ಕೆ ಬೆಳೆ, ಎರಡಾಗು, ಕೆಲವೊಮ್ಮೆ ನಿಲ್ಲು ಅಂತ ಸೂಚನೆ ಕೊಡುವ ಪ್ರೋಟೀನುಗಳು. ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಹೊಸದಾಗಿ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಅವು ಬೇಗ ಕಣ್ಣು ಬಿಟ್ಟವು. ಹಾಗೆ ಸಿಕ್ಕಿದ್ದು ಇಜಿಎಫ್. 1986ರಲ್ಲಿ ಅವರಿಗೂ, ಇಂಥದ್ದೇ ಇನ್ನೊಂದು ಪ್ರೋಟೀನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ನೊಬೆಲ್ ಬಂತು. ಗಮನಿಸಿ, ಕೋಹೆನ್ ಅದನ್ನು ಚುಚ್ಚಿದ್ದು, ಕುಡಿಸಿದ್ದಲ್ಲ. ಕುಡಿದರೆ ಹೊಟ್ಟೆಯಲ್ಲಿ ಅದರ ಹೆಚ್ಚಿನ ಪಾಲು ಬೇಳೆಯ ಪ್ರೋಟೀನಿನ ಹಾಗೇ ಜೀರ್ಣವಾಗುತ್ತದೆ. ಚಮಚ ಪುಡಿಯಿಂದ ಅವು ಮುಖದ ಚರ್ಮಕ್ಕೆ ತಲುಪಿ ಕೆಲಸ ಮಾಡುತ್ತವೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದ್ದರಿಂದ ‘ಬೆಳೆಸುಕ’, ‘ವೃದ್ಧಿಕಾರಕ’ ಎರಡೂ ನನಗೆ ಸರಿ ಕಾಣುವುದಿಲ್ಲ. ಓದಿದವರು ‘ಇದು ಚರ್ಮ ಬೆಳೆಸುತ್ತದೆ’ ಅಂತಲೇ ತಿಳಿಯುತ್ತಾರೆ.

ಶಿವಮೊಗ್ಗದಿಂದ:

ಸರ್, ಪುರಾವೆ ಬೇರೆ, ಪದ ಬೇರೆ. ಇಂಗ್ಲಿಷಿನ ‘ಗ್ರೋತ್’ ಕೂಡ ಅದನ್ನೇ ಹೇಳುತ್ತದಲ್ವಾ? ಆಗ ಯಾರೂ ತಕರಾರು ಮಾಡಲಿಲ್ಲ. ಕನ್ನಡದಲ್ಲಿ ಬಿಡಿಸಿ ಹೇಳಿದರೆ ಮಾತ್ರ ತಪ್ಪೇ?

ಆಶಾ ಕಾರ್ಯಕರ್ತೆಯರ ತರಬೇತುದಾರೆ, ರಾಯಚೂರು:

ಮೇಡಂ, ‘ಗಿಣ್ಣು ಹಾಲಿನ ಪೂರಕ ಆಹಾರ’ ಅಂತ ದಯವಿಟ್ಟು ಹಾಕಬೇಡಿ. ಹಳ್ಳಿಯಲ್ಲಿ ನಾವು ‘ಗಿಣ್ಣು ಹಾಲು’ ಅನ್ನುವುದು ತಾಯಿಯ ಎದೆಯ ಮೊದಲ ಹಾಲಿಗೆ. ಹಳದಿ ಇದೆ, ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲುತ್ತಾರೆ. ಚೆಲ್ಲಬೇಡಿ, ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಕುಡಿಸಿ ಅಂತ ಮನೆಮನೆಗೆ ಹೋಗಿ ಹೇಳುತ್ತೇವೆ. ‘ಪೂರಕ ಆಹಾರ’ ಅಂದರೆ ಅಂಗನವಾಡಿಯ ಮಾತಿನಲ್ಲಿ ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆ ಕೊಡುವ ಊಟ. ಎರಡೂ ಒಂದೇ ಡಬ್ಬಿಯ ಮೇಲೆ ಬಂದರೆ, ಮಗುವಿಗೆ ಕೊಡುವ ಪುಡಿ ಅಂದುಕೊಂಡು ಅಜ್ಜಿಯರು ಕಲಸಿ ಕುಡಿಸುತ್ತಾರೆ. ಇದು ಸುಮ್ನೆ ಹೇಳುವ ಮಾತಲ್ಲ. ‘ಹಸುವಿನ’ ಅನ್ನುವುದು ಮೊದಲು ಬರಲಿ, ದಪ್ಪಕ್ಷರದಲ್ಲಿ.

ಸಂಸ್ಕೃತ ಮೇಷ್ಟ್ರು, ಮೈಸೂರು:

ಈ ಗೊಂದಲ ಬರುವುದೇ ಆಡುಮಾತನ್ನು ಶಾಸ್ತ್ರಕ್ಕೆ ಎಳೆದಾಗ. ಪೀಯೂಷ ಅಂದಿದ್ದರೆ ಯಾವ ಅಜ್ಜಿಗೂ ತಪ್ಪು ತಿಳಿವಳಿಕೆ ಆಗುತ್ತಿರಲಿಲ್ಲ.

ರಾಯಚೂರು:

ತಿಳಿವಳಿಕೆಯೇ ಆಗುತ್ತಿರಲಿಲ್ಲ ಸರ್. ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಾಗಬೇಕಾದವರು ಅವರೇ.

ಧಾರವಾಡದಿಂದ:

ಸಂಸ್ಕೃತ ತಂದರೆ ಶಾಸ್ತ್ರ, ಇಂಗ್ಲಿಷ್ ತಂದರೆ ಗುಲಾಮಗಿರಿ, ಮರಾಠಿ ತಂದರೆ ಅಚ್ಚಗನ್ನಡ. ಈ ಲೆಕ್ಕ ಬಿಡಿ. ಇನ್ಸುಲಿನ್, ವಿಟಮಿನ್, ಪ್ರೋಟೀನ್ ಹಾಗೇ ಉಳಿದಿವೆ, ಕನ್ನಡ ಸತ್ತಿಲ್ಲ. ‘ಗ್ರೋತ್ ಫ್ಯಾಕ್ಟರ್’ ಅಂತಲೇ ಬರೆಯಲಿ. ‘ಗಿಣ್ಣು’ ನಮ್ಮಲ್ಲಿ ಇದೆ, ಅದನ್ನು ಬಿಡುವುದು ಬೇಡ. ಇರುವುದನ್ನು ಬಳಸಿ, ಇಲ್ಲದ್ದನ್ನು ತನ್ನಿ.

ಶಿವಮೊಗ್ಗದಿಂದ:

ಇಲ್ಲದ್ದನ್ನು ಕಟ್ಟಿ. ತರುವುದು ಸೋಮಾರಿತನ.

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ಧನ್ಯವಾದ. ರಾಯಚೂರಿನ ಅಕ್ಕ ಹೇಳಿದ್ದು ಹೊಳೆದೇ ಇರಲಿಲ್ಲ. ಕಂಪನಿಯವರ ಜೊತೆ ಮಾತಾಡಿದೆ. ‘ಹೆಲ್ತ್ ಸಪ್ಲಿಮೆಂಟ್’ ಅನ್ನುವುದು ಆಹಾರ ಸುರಕ್ಷತಾ ನಿಯಮದ ಪ್ರಕಾರ ಲೇಬಲ್ ಮೇಲೆ ಇರಲೇಬೇಕು. ‘ಔಷಧಿಯಾಗಿ ಬಳಸಲು ಅಲ್ಲ’ ಅನ್ನುವುದೂ ಅಷ್ಟೇ. ಈಗ ಹೀಗಿದೆ:

‘ಹಸುವಿನ ಗಿಣ್ಣಿನ ಪುಡಿ. ಆರೋಗ್ಯ ಪೂರಕ – ದೊಡ್ಡವರಿಗೆ ಮಾತ್ರ. ಶಿಶುಗಳಿಗೆ ಕೊಡಬಾರದು. ಔಷಧಿಯಾಗಿ ಬಳಸಲು ಅಲ್ಲ. ಗಿಣ್ಣಿನಲ್ಲಿ ಸಹಜವಾಗಿ ಇರುವ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು ಇದರಲ್ಲಿವೆ.’

ಚರ್ಮದ ಸಾಲಿಗೆ ಪುರಾವೆ ಕೇಳಿದ್ದೇನೆ. ಅದು ಬರುವವರೆಗೆ ಕನ್ನಡದಲ್ಲಿ ಆ ಸಾಲು ಬರೆಯುವುದಿಲ್ಲ ಅಂತ ಹೇಳಿದ್ದೇನೆ. ಅಚ್ಚು ಎರಡು ದಿನ ಮುಂದಕ್ಕೆ ಹೋಗಿದೆ.

ಪಶುವೈದ್ಯ, ಹಾಸನ:

ಇದು ಸರಿ. ‘ಹಾಲಿನ ಅಲರ್ಜಿ ಇರುವವರು ಬಳಸಬಾರದು’ ಅಂತ ಒಂದು ಸಾಲು ಸೇರಿಸಮ್ಮ. ಗಿಣ್ಣೂ ಹಾಲೇ.

ಶಿವಮೊಗ್ಗದಿಂದ:

‘ಪುರವಣಿ’ ಮರಾಠಿಯೇ ಇರಲಿ, ‘ಬೆಳೆಸುಕ’ವನ್ನು ನಾನು ಬಿಡುವುದಿಲ್ಲ. ಅದಕ್ಕೆ ಬೇರೆ ಎಳೆ ತೆರೆಯುತ್ತೇನೆ, ಧಾರವಾಡದವರು ಅಲ್ಲಿಗೆ ಬರಲಿ.